ತೊಟ್ಟಿಲಲ್ಲಿ ಮಲಗಿಸಿದ ಟೋಪಿ

ಲಗಮವ್ವ ಅಂದು ದೊಡ್ಡಮಾವನ ಕಿವಿಯಲ್ಲಿ ಉಸುರಿದ ಹೆಸರು ಯಾವುದು? ಮಗುವಿಗೆ ಹಾಲೂಡುವಾಗ, ಬಟ್ಟೆ ಒಣಹಾಕುವಾಗ, ತಲೆಯಲ್ಲಿ ಇದೊಂದೇ. ನಮ್ಮ ಮಗನಿಗೆಂದು ಆರಿಸಿಟ್ಟಿದ್ದ ಹೆಸರು ನನಗೂ ಗಂಡ ನಿಂಗರಾಜನಿಗೂ ಬಿಟ್ಟರೆ ಅವಳೊಬ್ಬಳಿಗೇ ಗೊತ್ತಿತ್ತು. ಅದನ್ನೇ ಹೇಳಿಬಿಟ್ಟಿದ್ದರೆ? ಹಾಗಿದ್ದರೆ ಆ ಹೆಸರು ಹೊತ್ತವರು ಈಗ ಮಣ್ಣಲ್ಲಿದ್ದಾರೆ.

ದೊಡ್ಡಮಾವ ಎಂದರೆ ನನ್ನ ಮಾವನ ಅಣ್ಣ, ಸುರೇಬಾನದ ಅಂದಾನೆಪ್ಪ. ಜೀವಮಾನವಿಡೀ ವಿರೋಧ ಪಕ್ಷದವರು. ದೇಶವೇ ಮೊದಲು ಎನ್ನುತ್ತಿದ್ದ ಅವರ ಪಕ್ಷಕ್ಕೆ ನಮ್ಮ ಮನೆಯ ಕಟ್ಟೆಯೇ ಕಚೇರಿ. ಪಕ್ಕದ ಮನೆಯ ಟಿವಿಯಲ್ಲಿ ರಾಷ್ಟ್ರಗೀತೆ ಬಂದರೂ ಊಟದ ತಾಟು ಬಿಟ್ಟು ಎದ್ದು ನಿಲ್ಲುವರು. ಪಂಚಾಯ್ತಿ ಸಭೆಯಲ್ಲಿ ಬಲಗೈ ಎತ್ತಿ, "ನನ್ನ ವಿರೋಧ ಐತಿ, ಬರಕೋರಿ" ಎನ್ನುವರು. ಮನೆಯಲ್ಲಿ ಪಲ್ಯಕ್ಕೆ ಉಪ್ಪು ಹೆಚ್ಚಾದರೂ ಅದೇ ಕೈ, ಅದೇ ಮಾತು.

ಕಳೆದ ಚಳಿಗಾಲದಲ್ಲಿ ಎದೆನೋವೆಂದು ಅವರನ್ನು ಬೆಳಗಾವಿಗೆ ಒಯ್ದರು. ಉಸಿರಾಟದ ಯಂತ್ರ ಹಾಕಿದ್ದಾರೆಂಬ ಸುದ್ದಿ ಬಂದದ್ದೇ ತಡ, ಅಭಿಮಾನಿಗಳು ಶ್ರದ್ಧಾಂಜಲಿಯ ಬ್ಯಾನರ್ ಮಾಡಿಸಿ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿಬಿಟ್ಟರು. ಊರಲ್ಲಿ ಯಾರೇ ಸತ್ತರೂ ಆಟೋಕ್ಕೆ ಮೈಕ್ ಕಟ್ಟಿ ಸಾರುವ ಹಸನಸಾಬ, ಅದನ್ನು ಕಂಡು ಓಣಿ ಓಣಿಯಲ್ಲೂ ಸಾರಿದ. ಮರುವಾರ ದೊಡ್ಡಮಾವ ಅದೇ ಬ್ಯಾನರಿನ ಕೆಳಗೆ ಕಾರಿನಿಂದ ಇಳಿದರು. ಬಿಚ್ಚಲು ಯಾರಿಗೂ ಧೈರ್ಯವಾಗಿರಲಿಲ್ಲ. ತಮ್ಮ ಫೋಟೋದ ಮೇಲೆ ಬಾಡಿದ್ದ ಹಾರ ನೋಡಿ ಅವರು ಕೈ ಎತ್ತಿದರು. ಯಾರೂ ನಗಲಿಲ್ಲ.

ಮನೆಯ ಹೊಸ್ತಿಲಿಗೆ ಅಡ್ಡ ನಿಂತವಳು ಲಗಮವ್ವ, ಓಣಿಯ ಕೂಸುಗಳಿಗೆಲ್ಲ ಕಿವಿಯಲ್ಲಿ ಹೆಸರು ಹೇಳುವ ಮುದುಕಿ.

"ಸಾರಿದ ಮ್ಯಾಲ ಸತ್ತಂಗ ಲೆಕ್ಕ. ಮತ್ತ ಹುಟ್ಟಿ ಒಳಗ ಬರ್ರಿ ಸಾವ್ಕಾರ್ರ. ಏ, ತೊಟ್ಲಾ ತರ್ರಿ!"

"ಈ ವಯಸ್ಸಿನ್ಯಾಗ ನನಗ ಜೋಗುಳಾ ಹಾಡ್ತಿ ಏನ?"

"ಸುಮ್ನ ಕುಂಡ್ರ್ರಿ. ನಿಮ್ಮ ವಿರೋಧಾ ಪಂಚಾಯ್ತ್ಯಾಗ ಇಟಗೋರಿ."

ತೊಟ್ಟಿಲು ನನ್ನ ಮಗುವಿನದು. ಹುಬ್ಬಳ್ಳಿಯಲ್ಲಿ ಕಲಿತು ಬಂದವಳು ನಾನು, ಬೇಡವೆನ್ನಬಹುದಿತ್ತು; ಆದರೂ ನಾನೇ ತಂದಿಟ್ಟೆ. ಮುದುಕಿ ಅವರ ಬಿಳಿ ಟೋಪಿಯನ್ನು ಅದರಲ್ಲಿ ಮಲಗಿಸಿ ತೂಗಿದಳು. ಆಮೇಲೆ ಹೊಸ ಹೆಸರು ಹೇಳಲು ಅವರ ಕಿವಿಗೆ ಬಾಯಿಟ್ಟಳು. ಅವರು ಅರ್ಧ ಕೈ ಎತ್ತಿ ಏನೋ ಅಂದರು. ಮುದುಕಿ ಬೆಚ್ಚಿ ಹಿಂದೆ ಸರಿದದ್ದು ಮಾತ್ರ ನನಗೆ ಕಂಡಿತು.

ಯುಗಾದಿಗೆ ಮೊದಲೇ ಅವರು ನಿಜವಾಗಿ ಹೋದರು. ಹಸನಸಾಬ ಮೈಕ್ ಮುಟ್ಟಲಿಲ್ಲ. "ಒಮ್ಮಿ ಸಾರೇನ್ರಿ. ಮತ್ತ ಸಾರಿದ್ರ ನನ್ನ ಆಟೋದ ಹಿಂದ ಬರ್ತಾರ ಅವರು" ಎಂದು ಅತ್ತ. ಸಾರದೆಯೇ ಮಣ್ಣಾಯಿತು. ಲಗಮವ್ವ ಮುರಗೋಡದ ಮಗಳ ಮನೆಗೆ ಹೋದವಳು ತಿರುಗಿ ಬರಲಿಲ್ಲ.

ಯುಗಾದಿಗೆಂದು ಇಟ್ಟುಕೊಂಡಿದ್ದ ಮಗುವಿನ ನಾಮಕರಣ ಸಾವಾದ ಮನೆಯೆಂದು ಮುಂದೆ ಹೋಯಿತು. ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಅದು ಅಳು ನಿಲ್ಲಿಸಿ, ಬಾಗಿಲ ಕಡೆ ನೋಡುತ್ತ ಬಲಗೈ ಎತ್ತುತ್ತದೆ. ಬೆರಳು ಬಿಡಿಸಿ, ನೆಟ್ಟಗೆ. "ಎಲ್ಲಾ ಕೂಸೂ ಕೈ ಎತ್ತತಾವ. ನಿನಗ ಹುಚ್ಚ" ಎನ್ನುತ್ತಾನೆ ನಿಂಗರಾಜ. ಗಾಳಿಯಿಲ್ಲದೆ ತೊಟ್ಟಿಲು ತೂಗುವುದನ್ನು ಅವನು ನೋಡಿಲ್ಲ.

ನಿನ್ನೆ ಸಂಜೆ ಎತ್ತಿದ ಕೈ ಇಳಿಯಲೇ ಇಲ್ಲ. ಮುರಗೋಡಕ್ಕೆ ಫೋನ್ ಹಚ್ಚಿದೆ.

"ದೊಡ್ಡಮಾವಗ ಯಾವ ಹೆಸರು ಹೇಳಿದ್ರಿ ಅಜ್ಜಿ? ಖರೇ ಹೇಳ್ರಿ."

ಮುದುಕಿ ದನಿ ಇಳಿಸಿದಳು.

"ನಿನ್ನ ಕೂಸಿನ ಹೆಸರ ಬಾಯಿಗೆ ಬಂತವ್ವಾ, ಬ್ಯಾರೆ ಹೊಳೀಲಿಲ್ಲ. ಅವರು ತಗೊಳ್ಳಲಿಲ್ಲ. 'ನನ್ನ ವಿರೋಧ ಐತಿ. ಕೂಸಿಂದು ಕೂಸಿಗಿರ್ಲಿ, ನಾ ಹೆಸರಿಲ್ದ ಹೋಗತೇನಿ' ಅಂದ್ರು. ಇನ್ನೂ ಇಟ್ಟಿಲ್ಲೇನ? ಲಗೂನ ಇಡು. ಅವರು ಎಷ್ಟ ದಿನಾ ಕಾಯಬೇಕು?"

ಫೋನ್ ಹಿಡಿದೇ ಬಗ್ಗಿ ಮಗುವಿನ ಕಿವಿಯಲ್ಲಿ ಹೇಳಿದೆ: "ಸುಹಾಸ."

ಕೈ ಮೆಲ್ಲಗೆ ಇಳಿಯಿತು. ಕಣ್ಣು ಮಾತ್ರ ಬಾಗಿಲಲ್ಲೇ ಇತ್ತು, ಯಾರನ್ನೋ ಕಳಿಸಿಕೊಡುವಂತೆ.