ಅಕ್ಕನಿಂದ ಕೊಂಡ ಹೆಸರು

ಆ ಸೀರೆಗೆ ಎರಡು ಸಾವಿರದ ಮುನ್ನೂರು ರೂಪಾಯಿ ಕೊಟ್ಟೆ. ಕೊಲ್ಹಾಪುರದ ಅಂಗಡಿಯವನು ಮೂರು ಸಾವಿರದಿಂದ ಶುರು ಮಾಡಿದ್ದ. ನಾನು ಎರಡು ಸಲ ಎದ್ದು, ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋದ ಮೇಲೆ ದಾರಿಗೆ ಬಂದ. ಆಗ ನನ್ನ ಬಳಿ ಇದ್ದದ್ದು ಇಚಲಕರಂಜಿಯ ಶಹಾಪುರದಲ್ಲಿ ನಾಲ್ಕೇ ಮಗ್ಗ, ಅವೂ ಬಾಡಿಗೆ ಶೆಡ್ಡಿನಲ್ಲಿ. ಹೆಂಡತಿಗೇ ಅಂಥ ಸೀರೆ ಕೊಡಿಸಿರಲಿಲ್ಲ. ಇದನ್ನು ತಂದದ್ದು ಅಕ್ಕನಿಗೆ. ನನ್ನ ಮಗಳ ಕಿವಿಯಲ್ಲಿ ಅವಳು ನಾನು ಹೇಳಿಕೊಟ್ಟ ಹೆಸರನ್ನೇ ಹೇಳಲಿ ಎಂದು.

ನಮ್ಮ ಕಡೆ ಕೂಸಿಗೆ ಹೆಸರಿಡುವ ಹಕ್ಕು ತಂದೆಯದಲ್ಲ, ತಂದೆಯ ಅಕ್ಕತಂಗಿಯರದು. ಮರಾಠಿಯವರು ಅವಳನ್ನು ಆತ್ಯಾ ಅನ್ನುತ್ತಾರೆ, ಮನೆಯಲ್ಲಿ ಕನ್ನಡ ಮಾತಾಡುವ ನಾವೂ ಹಾಗೇ ಅನ್ನುತ್ತೇವೆ. ತೊಟ್ಟಿಲು ಹಾಕುವ ದಿನ ಆತ್ಯಾ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು, ಹಿಂದೆ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಬೇಕು. ಆಮೇಲೆ ಅವಳಿಗೆ ಸಾಧಾರಣದ್ದೊಂದು ಸೀರೆ ಕೊಟ್ಟು ಕಳಿಸುವುದು. ರೂಢಿಯ ಸೀರೆಗೂ ನಾನು ತಂದ ಸೀರೆಗೂ ಇದ್ದ ಅಂತರವೇ ಆ ಹಕ್ಕಿನ ಬೆಲೆ ಎಂದು ನಾನು ಹಿಡಿದಿದ್ದೆ.

ಅಕ್ಕನನ್ನು ಗಡಹಿಂಗ್ಲಜಕ್ಕೆ ಕೊಟ್ಟಿದ್ದರು. ಅವಳಿಗೆ ನಾನೊಬ್ಬನೇ ತಮ್ಮ. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಜೋಳದ ಭಕ್ರಿ ಬಡಿದವಳು ಅವಳು. ನನಗೆ ಮುಂದೆ ಬೇರೆ ಮಕ್ಕಳಾಗಲಿಲ್ಲ. ಅಂದರೆ ಅವಳ ಜನ್ಮದಲ್ಲಿ ಒಂದು ಕೂಸಿಗೆ ಹೆಸರಿಡುವ ಅವಕಾಶ ಬಂದದ್ದು ಅದೊಂದೇ ಸಲ. ಆಗ ನನಗಿದ್ದ ಚಿಂತೆಯೇ ಬೇರೆ. ಅಕ್ಕ ಅಜ್ಜಿಯ ಕಾಲದ, ಕೊನೆಗೆ ‘ಅವ್ವ’ ಬರುವ ಹೆಸರೊಂದನ್ನು ಹೇಳಿಬಿಟ್ಟರೆ ಹೇಗೆ? ಮೊದಲ ಸಲ ಮಗ್ಗದ ಶೆಡ್ಡಿಗೆ ಬಂದಾಗ ನನ್ನ ಹರಕು ಮರಾಠಿ ಕೇಳಿ ಜನ ನಗುತ್ತಿದ್ದರು. ಮಗಳು ಮರಾಠಿ ಶಾಲೆಯಲ್ಲಿ ಆ ನಗು ಕೇಳಬಾರದು.

ಅದಕ್ಕೇ ಹೆಸರನ್ನು ಮಾಲು ಆರಿಸಿದಂತೆ ಆರಿಸಿದೆ: ಪೂಜಾ. ನಮ್ಮ ಅಜ್ಜಿ, ಮುತ್ತಜ್ಜಿಯರಲ್ಲಿ ಆ ಹೆಸರಿನವರು ಒಬ್ಬರೂ ಇರಲಿಲ್ಲ. ಅವರೆಲ್ಲ ಗಂಗವ್ವ, ಕೃಷ್ಣಾಬಾಯಿ, ಪದ್ಮಾವತಿ. ದೇವಿಯ ಹೆಸರು ಇಲ್ಲವೇ ನದಿಯ ಹೆಸರು. ದೇವರಿಗೆ ಮಾಡುವ ಪೂಜೆಯೇ ಹುಡುಗಿಯ ಹೆಸರಾದದ್ದು ನಮ್ಮ ಕಾಲದಲ್ಲಿ, ಸಿನಿಮಾ ಟೀವಿಗಳ ಮೂಲಕ. ಎರಡೇ ಅಕ್ಷರ. ಮರಾಠಿ, ಕನ್ನಡ, ಹಿಂದಿ ಯಾವುದರಲ್ಲೂ ತೊಡಕಿಲ್ಲ. ಜಾತಿ ತಿಳಿಯುವುದಿಲ್ಲ, ಊರು ತಿಳಿಯುವುದಿಲ್ಲ. ಶಹಾಪುರದಿಂದ ಕಬನೂರದವರೆಗೆ ಯಾವ ಗಲ್ಲಿಗೆ ಹೋದರೂ ಒಂದು ತೊಟ್ಟಿಲಲ್ಲಿ ಒಬ್ಬಳು ಪೂಜಾ ಇದ್ದೇ ಇದ್ದಳು. ಓಡುವ ಮಾಲು ಎಂದು ನನಗೆ ಧೈರ್ಯ ಬಂತು. ಎಲ್ಲರೂ ಒಂದೇ ಬಟ್ಟೆ ನೇಯ್ದರೆ ಅದರ ದರ ಬೀಳುತ್ತದೆ ಎಂಬುದು ನೇಕಾರನಾದ ನನಗೆ ಗೊತ್ತಿತ್ತು. ಹೆಸರಿಗೂ ಅದು ಅನ್ವಯಿಸುತ್ತದೆ ಅನ್ನಿಸಲಿಲ್ಲ.

ತೊಟ್ಟಿಲ ದಿನ ಬೆಳಿಗ್ಗೆ ಬಸ್ಸಿಗೆ ಬಂದ ಅಕ್ಕ ಸೀರೆ ಬಿಚ್ಚಿ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಇಷ್ಟು ಭಾರೀ ಸೀರೆ ಯಾಕೆಂದು ಕೇಳಿದಳು. ನಾನು ಹೆಸರು ಹೇಳಿದೆ. ಅವಳು ಸೀರೆಯನ್ನು ಮೊದಲಿನ ಮಡಿಕೆಯಂತೆಯೇ ಮಡಚಿದಳು.

“ಆತಪಾ. ಕೂಸೂ ನಿಂದು, ಸೀರೀನೂ ನಿಂದು.”

ಒಪ್ಪಿಗೆ ಸಿಕ್ಕಿತೆಂದು ನಾನು ಹಿಗ್ಗಿದೆ. ಮಧ್ಯಾಹ್ನ ಅವಳು ತೊಟ್ಟಿಲಿಗೆ ಬಗ್ಗಿ ಹೆಸರು ಹೇಳಿ, ಗುದ್ದು ಪೂರ್ತಿ ಬೀಳುವ ಮೊದಲೇ ಎದ್ದು ನಿಂತಳು. ಸಂಜೆಯ ಬಸ್ಸಿಗೇ ಹೊರಟುಹೋದಳು. ಆ ಸೀರೆ ಉಟ್ಟದ್ದನ್ನು ನಾನು ನೋಡಿಲ್ಲ.

ಶಾಲೆಯಲ್ಲಿ ಮಗಳ ವರ್ಗದಲ್ಲಿ ಆರು ಜನ ಪೂಜಾ. ಗೆಳತಿಯರು ಇವಳನ್ನು ಶಹಾಪುರದ ಪೂಜಾ ಎಂದರು. ಶಹಾಪುರದವಳೇ ಇನ್ನೊಬ್ಬಳು ಬಂದಾಗ ಇವಳು ಚಷ್ಮಾದ ಪೂಜಾ ಆದಳು. ಆ ಇನ್ನೊಬ್ಬಳಿಗೂ ಚಷ್ಮಾ ಬಂತು. ಇದನ್ನೆಲ್ಲ ಹೇಳಿ ಮಗಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಕೊಲ್ಹಾಪುರದ ಮನೆತನಕ್ಕೆ ಮದುವೆ ಮಾಡಿಕೊಟ್ಟಾಗ ಮಾತ್ರ ನಗು ನಿಂತಿತು. ಆ ಮನೆಯ ಹಿರಿಯ ಸೊಸೆಯೂ ಪೂಜಾ. ಒಂದು ಮನೆಯಲ್ಲಿ ಇಬ್ಬರು ಬೇಡವೆಂದು, ತಾಟಿನಲ್ಲಿ ಅಕ್ಕಿ ಹರವಿ, ಅದರ ಮೇಲೆ ಅಳಿಯನ ಕೈಯಿಂದ ಉಂಗುರದಲ್ಲಿ ಮಗಳಿಗೆ ಬೇರೆ ಹೆಸರು ಬರೆಸಿದರು. ಹೀಗೆ ನಾನು ಕೊಂಡ ಹೆಸರು ಅವಳ ಮದುವೆಯವರೆಗೆ ಬಾಳಿಕೆ ಬಂದಂತಾಯಿತು, ಅಷ್ಟೇ.

ಹೋದ ವರ್ಷ ಅವಳು ಹೆರಿಗೆಗೆ ನಮ್ಮ ಮನೆಗೆ ಬಂದಳು. ಹೆಣ್ಣು ಹುಟ್ಟಿತು. ತನ್ನ ಹೆಸರು ನಾನು ಆರಿಸಿದ್ದೆಂದು ಮಗಳಿಗೆ ಗೊತ್ತಿತ್ತು. ಒಂದು ದಿನ ಕೂಸಿಗೆ ಎಣ್ಣೆ ಹಚ್ಚುತ್ತ, ಆತ್ಯಾ ತನಗೆ ಯಾವ ಹೆಸರು ಇಡಬೇಕು ಎಂದಿದ್ದರು ಎಂದು ಕೇಳಿದಳು. ಅದನ್ನೇ ಈ ಕೂಸಿಗೆ ಇಡಬೇಕು ಎಂಬ ಆಸೆ ಅವಳದು. ಸೀರೆ ಕೊಟ್ಟ ದಿನ ನಾನು ಅದನ್ನು ಕೇಳಿಯೇ ಇರಲಿಲ್ಲ.

ಮರುದಿನ ಗಡಹಿಂಗ್ಲಜಕ್ಕೆ ಹೋದೆ. ಅಕ್ಕ ಪಡಸಾಲೆಯಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನನ್ನ ಕೈಯಲ್ಲಿದ್ದ ಸೀರೆ ಅಂಗಡಿಯ ಚೀಲ ನೋಡಿದಳು.

“ಈ ಸಲ ಏನ ಕೊಳ್ಳಾಕ ಬಂದಿ?”

ಮಗಳು ಕೇಳಿದ್ದನ್ನು ಹೇಳಿದೆ. ಅಕ್ಕ ತೊಟ್ಟು ಮುರಿಯುವುದನ್ನು ಬಿಡಲಿಲ್ಲ.

“ಹೆಸರೇನೂ ಇರಲಿಲ್ಲೋ ತಮ್ಮಾ. ಮನ್ಯಾಗಿಂದ ಹೆಸರ ಕಟ್ಕೊಂಡ ಯಾರ ಬರತಾರ? ಕೂಸಿನ ಮಾರಿ ನೋಡಿದ ಮ್ಯಾಲ ಬಾಯಿಗೆ ಬರತೈತಿ. ಅವತ್ತ ನಾ ಮಾರಿ ನೋಡಲೇ ಇಲ್ಲ. ನೀ ಹೇಳಿದ್ದ ಮರೀಬಾರ್ದಂತ ಅದನ್ನ ಬಾಯಾಗ ಹಿಡ್ಕೊಂಡ ಬಗ್ಗಿದ್ದೆ.”

ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ಈಗ ಬಂದು ಈ ಕೂಸಿನ ಮುಖ ನೋಡು, ನಿನ್ನ ಬಾಯಿಗೆ ಬಂದದ್ದನ್ನೇ ಇಡೋಣ ಎಂದೆ. ಹೆಸರಿಡಬೇಕಾದ ಅಳಿಯನ ತಂಗಿ ಇನ್ನೂ ಸಣ್ಣವಳು, ಅವಳನ್ನು ನಾನು ಒಪ್ಪಿಸುತ್ತೇನೆ ಎಂದೂ ಸೇರಿಸಿದೆ.

ಅಕ್ಕನ ಕೈ ಆಗ ನಿಂತಿತು. “ಅಕೀಗೂ ಒಂದ ಸೀರಿ ತರತೀ ಏನ?”

ನಾನು ಚೀಲವನ್ನು ಕಾಲಿನ ಹಿಂದೆ ಸರಿಸಿದೆ. ಅಕ್ಕ ಒಳಗೆ ಹೋಗಿ ಚಹಾ ತಂದಳು. ಆ ಕೂಸಿನ ಆತ್ಯಾ ಆ ಹುಡುಗಿ, ಅವಳೇ ನೋಡಲಿ, ಅವಳೇ ಇಡಲಿ ಎಂದಳು. ತಾನು ಕಾರ್ಯಕ್ಕೆ ಬರುತ್ತೇನೆ, ಬೆನ್ನಿಗೆ ಗುದ್ದುವುದಕ್ಕೂ ಜನ ಬೇಕಲ್ಲ ಎಂದಳು.

ಮನೆಗೆ ಬಂದು ಮಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಹಂಗಾದ್ರ ನನಗಂತ ಒಂದ ಹೆಸರ ಇರಲೇ ಇಲ್ಲೇನ್ರಿ ಪಪ್ಪಾ?” ಎಂದಳು. ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ತೊಟ್ಟಿಲ ದಿನ ಅಳಿಯನ ತಂಗಿ ಬಂದಳು. ಕಾಲೇಜಿಗೆ ಹೋಗುವ ಹುಡುಗಿ. ಬಗ್ಗಿ ಕೂಸನ್ನು ಬಹಳ ಹೊತ್ತು ನೋಡಿದಳು, ಆಮೇಲೆ ಕಿವಿಯಲ್ಲಿ ಹೇಳಿದಳು. ಈಗ ಓಡುತ್ತಿರುವ ಹೆಸರೇ. ನಮ್ಮ ಗಲ್ಲಿಯಲ್ಲೇ ಆ ಹೆಸರಿನ ಕೂಸು ಇನ್ನೆರಡು ಇವೆ. ನಾನು ಬಂದವರಿಗೆ ಸಕ್ಕರೆ ಹಂಚಿದೆ. ಎಲ್ಲರಿಗಿಂತ ಜೋರಾಗಿ ಗುದ್ದಿದವಳು ಅಕ್ಕ. ಹೆಂಗಸರೆಲ್ಲ ಊಟಕ್ಕೆ ಎದ್ದ ಮೇಲೆ ಅವಳೊಬ್ಬಳೇ ತೊಟ್ಟಿಲ ಹತ್ತಿರ ನಿಂತು ಕೂಸಿನ ಮುಖ ನೋಡುತ್ತಿದ್ದಳು. ಅವಳ ಬಾಯಿಗೆ ಏನಾದರೂ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಮುಖ ನನಗಿರಲಿಲ್ಲ.

ನಿಮ್ಮ ಮನೆಯಲ್ಲಿ ತೊಟ್ಟಿಲು ಹಾಕುವುದಿದ್ದರೆ ಒಂದು ಮಾತು ಕೇಳಿ. ಆತ್ಯಾಗೆ ಸೀರೆಯನ್ನು ಕಾರ್ಯ ಮುಗಿದ ಮೇಲೆ ಕೊಡಿ, ಮೊದಲು ಕೊಡಬೇಡಿ. ಮೊಬೈಲಿನಲ್ಲಿ ಹೆಸರಿನ ಪಟ್ಟಿ ಕಳಿಸಲು ಹೋಗಬೇಡಿ. ಅವಳಿಟ್ಟ ಹೆಸರು ನಿಮಗೆ ಒಗ್ಗದಿದ್ದರೆ ದಾಖಲೆಗೆ ಬೇರೆಯದನ್ನು ಬರೆಸಿಕೊಳ್ಳಿ, ಮನೆಯಲ್ಲಿ ಅವಳಿಟ್ಟದ್ದನ್ನೇ ಕರೆಯಿರಿ. ಎರಡು ಹೆಸರಿದ್ದರೆ ಯಾರೂ ದಂಡ ಹಾಕುವುದಿಲ್ಲ. ಆಗುವುದಾದರೆ ಹಿಂದಿನ ದಿನವೇ ಗಾಡಿ ಕಳಿಸಿ ಅಕ್ಕನನ್ನೋ ತಂಗಿಯನ್ನೋ ಕರೆಸಿಕೊಳ್ಳಿ. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವಳಿಗೆ ಕೂಸಿನ ಮುಖ ನೋಡಲು ಪುರುಸೊತ್ತು ಸಿಗುವುದಿಲ್ಲ. ಕೂಸನ್ನು ಅವಳ ತೊಡೆಯ ಮೇಲೆ ಮಲಗಿಸಿ, ನೀವು ಏನಾದರೂ ನೆಪ ಮಾಡಿಕೊಂಡು ಒಂದು ತಾಸು ಹೊರಗೆ ಹೋಗಿ ಬನ್ನಿ.