ಮೇಸ್ತ್ರಿ ನೋಡಿದ ಬಣ್ಣ

ಮೇಸ್ತ್ರಿಯ ಎಡ ಅಂಗೈಯ ನಡುವೆ ಎಂಟಾಣೆ ನಾಣ್ಯದಷ್ಟು ಅಗಲದ ನುಣುಪಾದ ಕಲೆಯೊಂದಿತ್ತು. ಆ ಜಾಗದಲ್ಲಿ ಗೆರೆಗಳೇ ಇರಲಿಲ್ಲ. ಓಡುತ್ತಿರುವ ಎಂಜಿನಿನಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಬಾಯಿಗೆ ಅಂಗೈ ಅಡ್ಡ ಹಿಡಿದು, ಗಾಳಿ ಕಡಿಮೆಯಾದಾಗ ಶಬ್ದ ಹೇಗೆ ಬದಲಾಗುತ್ತದೆಂದು ಆಲಿಸುವುದು ಅವರ ಪದ್ಧತಿ. ಒಮ್ಮೆ ಹಾಗೆ ಹಿಡಿದಾಗ ಎಂಜಿನು ಸೀನಿ ಬೆಂಕಿ ಉಗುಳಿತ್ತು. ಪುತ್ತೂರಿನ ಸಂತೆಯಲ್ಲಿ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ಆ ಅಂಗೈ ಕಂಡು ತಬ್ಬಿಬ್ಬಾದನಂತೆ. "ನನ್ನ ಆಯುಷ್ಯದ ಗೆರೆ ಲಾರಿ ತಿಂದಾಗಿದೆ, ನೀನಿನ್ನು ಎಂತ ಓದುದು ಮಾರಾಯ?" ಎಂದು ಮೇಸ್ತ್ರಿ ನಕ್ಕರಂತೆ.

ಪುತ್ತೂರಿನ ದರ್ಬೆಯ ರಸ್ತೆ ಬದಿಯಲ್ಲಿ ಅವರ ವರ್ಕ್‌ಶಾಪು. ತೆಂಗಿನ ಮಡಲು ಹೊದಿಸಿದ ಮಾಡು, ಕೆಳಗೆ ಎಣ್ಣೆ ಕುಡಿದ ಕರಿಮಣ್ಣು. ಸುಳ್ಯ, ಕಡಬಗಳಿಂದಲೂ ಲಾರಿಗಳು ಅಲ್ಲಿಗೆ ಬರುತ್ತಿದ್ದವು. ಕಾರಣ ಅವರ ಕಣ್ಣು. ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದರೆ ಎಂಜಿನಿನ ಒಳಗಿನ ಸಂಗತಿಯನ್ನೆಲ್ಲ ಹೇಳಿಬಿಡುತ್ತಿದ್ದರು. ತುದಿ ಕಪ್ಪಾಗಿ ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ. ಗೇರುಬೀಜದ ಸಿಪ್ಪೆಯ ಬಣ್ಣವಿದ್ದರೆ ಸರಿ. ಸುಣ್ಣದಂತೆ ಬೆಳ್ಳಗಾಗಿದ್ದರೆ ಪೆಟ್ರೋಲ್ ಸಾಲದೆ ಎಂಜಿನು ಒಳಗೊಳಗೇ ಸುಡುತ್ತಿದೆ ಎಂದರ್ಥ. ಕಂಡದ್ದನ್ನು ಮಾತ್ರ ಹೇಳುತ್ತಿದ್ದರು, ಊಹೆಯ ಮಾತೇ ಇಲ್ಲ.

ಆಗ, ಐವತ್ತರ ದಶಕದ ಕೊನೆಯಲ್ಲಿ, ನಾನು ಒಬ್ಬ ಧಣಿಯ ಲಾರಿಗೆ ಡ್ರೈವರ್. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಪೆಟ್ರೋಲ್ ಲಾರಿ ಅದು. ಮಂಗಳೂರಿನ ಹೆಂಚು ಹೇರಿಕೊಂಡು ಮಡಿಕೇರಿಗೆ ಹೋಗುವಾಗ ಸಂಪಾಜೆ ಘಾಟಿಯಲ್ಲಿ ಏದುಸಿರು ಬಿಡುತ್ತಿತ್ತು. ಮೇಸ್ತ್ರಿ ಅದರ ಸಿಲಿಂಡರುಗಳನ್ನು ಕೊರೆಸಿ ಅಗಲ ಮಾಡಿ, ದೊಡ್ಡ ಪಿಸ್ಟನ್ನುಗಳನ್ನೂ ದೊಡ್ಡ ಕಾರ್ಬೊರೇಟರನ್ನೂ ಕೂರಿಸಿದರು.

"ಹೊಟ್ಟೆ ದೊಡ್ಡದು ಮಾಡಿದ್ದೇನೆ ಧಣಿಗಳೇ. ಇನ್ನು ಊಟವೂ ಜಾಸ್ತಿ ಬೇಕು. ಪೆಟ್ರೋಲ್ ಕುಡಿತದೆ ಅಂತ ಆಮೇಲೆ ನನ್ನಲ್ಲಿ ಕೇಳ್ಬಾರ್ದು."

ಧಣಿಗಳು ಅವರಲ್ಲಿ ಕೇಳಲಿಲ್ಲ, ದಿನಾ ನನ್ನಲ್ಲಿ ಕೇಳಿದರು. "ಎಂತದು, ಪೆಟ್ರೋಲ್ ಗಾಡಿ ಕುಡಿಯುದಾ, ನೀನು ಕುಡಿಯುದಾ?"

ಡ್ರೈವರುಗಳ ನಡುವೆ ಅಂದು ಒಂದು ಕಳ್ಳವಿದ್ಯೆ ಇತ್ತು. ಕಾರ್ಬೊರೇಟರಿನೊಳಗೆ ಪೆಟ್ರೋಲ್ ಹಾಯುವ ತೂತಿರುವ ಹಿತ್ತಾಳೆಯ ತುಂಡಿಗೆ ಜೆಟ್ ಎನ್ನುತ್ತಾರೆ. ಆ ತೂತಿಗೆ ಬೆಸುಗೆಯ ಸೀಸ ತುಂಬಿ, ಮತ್ತೆ ಹೊಲಿಗೆ ಸೂಜಿಯಿಂದ ಚುಚ್ಚಿ ಸಪೂರ ಮಾಡುವುದು. ಗ್ಯಾಲನ್ನಿಗೆ ಎರಡು ಮೈಲಿ ಹೆಚ್ಚು ಓಡಿಸಿದವನು ಚಾದ ಹೋಟೆಲಿನಲ್ಲಿ ಎದೆ ಉಬ್ಬಿಸಿ ಕೂರುತ್ತಿದ್ದ. ನಾನೂ ಮಾಡಿದೆ. ಧಣಿಗಳು ಬೆನ್ನು ತಟ್ಟಿದರು.

ಹದಿನೈದು ದಿನಕ್ಕೆ ಲಾರಿ ಏರಿನಲ್ಲಿ ಸೀನತೊಡಗಿತು, ನೀರು ಕುದಿಯತೊಡಗಿತು. ಹೆದರಿ ಮೇಸ್ತ್ರಿಯಲ್ಲಿಗೆ ಒಯ್ದೆ. ಅವರು ಪ್ಲಗ್ ಬಿಚ್ಚಿದರು. ಆರೂ ಬಿಳಿ. ಎಲ್ಲಿಂದಲಾದರೂ ಗಾಳಿ ನುಗ್ಗುತ್ತಿದೆಯೋ ಎಂದು ಜೋಡಣೆಯ ಸಂದುಗಳಿಗೆಲ್ಲ ದಪ್ಪ ಎಣ್ಣೆ ಹಚ್ಚಿ ಎಂಜಿನು ಓಡಿಸಿದರು, ಶಬ್ದ ಬದಲಾಗಲಿಲ್ಲ. ಪೈಪು ಕಳಚಿ ನೋಡಿದರೆ ಪೆಟ್ರೋಲ್ ಧಾರಾಳ ಬರುತ್ತಿತ್ತು. ನನ್ನ ಪಕ್ಕ ಕುಳಿತು ಜಾಲ್ಸೂರಿನ ಏರಿಗೆ ಬಂದರು. ಲಾರಿ ಸೀನಿದ ಕೂಡಲೇ ಚೋಕನ್ನು ಅರ್ಧ ಎಳೆದರು. ಗಾಳಿ ಕಡಿಮೆಯಾದದ್ದೇ ಸೀನು ನಿಂತಿತು, ಲಾರಿ ಎತ್ತಿನಂತೆ ಎಳೆಯಿತು.

ಅಲ್ಲೇ ಮರದ ನೆರಳಿನಲ್ಲಿ ಜೆಟ್ ಬಿಚ್ಚಿ ಆಕಾಶಕ್ಕೆ ಹಿಡಿದರು.

"ಇದು ಕಂಪೆನಿಯವರು ಕೊರೆದ ತೂತಲ್ಲ."

ನಾನು ನೆಲ ನೋಡಿದೆ.

"ಪಿಸ್ಟನ್ನಿಗೆ ತೂತು ಬೀಳ್ತದೆ ಮಾರಾಯ. ಗಾಡಿ ಹೋದರೆ ಧಣಿಗಳಿಗೆ ಬೇರೆ ಸಿಗ್ತದೆ. ನನ್ನ ಹೆಸರು ಹೋದರೆ ನನಗೆ ಇನ್ನೊಂದುಂಟಾ?" ಹೊಸ ಜೆಟ್ ಹಾಕಿ, ಹಳೆಯದನ್ನು ನನ್ನ ಕೈಗಿಟ್ಟರು. "ಹೊಳೆಗೆ ಬಿಸಾಡು. ಧಣಿಗಳಿಗೆ ನಾನು ಹೇಳುದಿಲ್ಲ, ನಿನ್ನ ಕೆಲಸ ಹೋಗ್ತದೆ."

ಬಿಸಾಡಲಿಲ್ಲ. ಬೆಂಕಿಪೆಟ್ಟಿಗೆಯಲ್ಲಿಟ್ಟುಕೊಂಡೆ. ಪೆಟ್ರೋಲ್ ಖರ್ಚು ಮತ್ತೆ ಏರಿತು, ಧಣಿಗಳ ಗೊಣಗಾಟವೂ ಏರಿತು. ತಿಂಗಳೊಳಗೆ ಅದೇ ಸಪೂರ ಜೆಟ್ಟನ್ನು ಮತ್ತೆ ಹಾಕಿದೆ. ಒಂದು ಬೆಳಿಗ್ಗೆ ಸಂಪಾಜೆ ದಾಟಿ ಮೂರನೇ ತಿರುವಿನಲ್ಲಿ, ಹೆಂಚು ತುಂಬಿದ ಲಾರಿ ಡಬ್ ಎಂದು ಸದ್ದು ಮಾಡಿ ನೀಲಿ ಹೊಗೆ ಉಗುಳಿ ನಿಂತಿತು. ನಾನು ಮೊದಲು ಮಾಡಿದ ಕೆಲಸವೆಂದರೆ ಮೇಸ್ತ್ರಿ ಕೊಟ್ಟ ಒಳ್ಳೆಯ ಜೆಟ್ಟನ್ನು ತಿರುಗಿ ಕೂರಿಸಿದ್ದು. ಲಾರಿಯನ್ನು ಎಳೆದು ತರುವಾಗ ಸುಳ್ಯದ ಬಳಿ ಸಪೂರದ್ದನ್ನು ಪಯಸ್ವಿನಿ ಹೊಳೆಗೆ ಎಸೆದೆ. ಮೇಸ್ತ್ರಿ ಹೇಳಿದ ಹಾಗೇ ಮಾಡಿದಂತಾಯಿತು.

ಧಣಿಗಳು ಊರಿನ ನಾಲ್ಕೈದು ಲಾರಿ ಮಾಲಕರನ್ನು ಕರೆದುಕೊಂಡೇ ವರ್ಕ್‌ಶಾಪಿಗೆ ಬಂದರು. "ಎಂಜಿನು ಕೊರೆಸ್ತೇನೆ ಅಂತ ಹೇಳಿ ನನ್ನ ಕುತ್ತಿಗೆಯನ್ನೇ ಕೊಯ್ದ ಈ ಮನುಷ್ಯ!"

ಮೇಸ್ತ್ರಿ ಎಂಜಿನು ಬಿಚ್ಚಿದರು. ಪಿಸ್ಟನ್ನಿನ ನೆತ್ತಿಯಲ್ಲಿ ಬೆರಳು ತೂರುವಷ್ಟು ತೂತು. ಪ್ಲಗ್ ಎತ್ತಿ ಎಲ್ಲರಿಗೂ ತೋರಿಸಿದರು. "ನೋಡಿ, ಬಿಳಿ. ಪೆಟ್ರೋಲ್ ಸಾಲದೆ ಸುಟ್ಟದ್ದು. ನನ್ನ ಕೆಲಸದ ತಪ್ಪಲ್ಲ. ತಪ್ಪು ಜೆಟ್ಟಿನಲ್ಲಿ ಉಂಟು, ಈಗ ತೆಗೆದು ತೋರಿಸ್ತೇನೆ."

ತೆಗೆದರು. ಅವರೇ ಹಾಕಿದ ಜೆಟ್. ತೂತು ಸರಿಯಾಗಿಯೇ ಇತ್ತು. ಆಚೆ ತಿರುಗಿಸಿ ನೋಡಿದರು, ಈಚೆ ತಿರುಗಿಸಿ ನೋಡಿದರು.

"ಡ್ರೈವರೇ, ಘಾಟಿಯಲ್ಲಿ ಇದೇ ಇದ್ದದ್ದಾ?" ಯಾವತ್ತೂ ಮಾರಾಯ ಎನ್ನುತ್ತಿದ್ದವರು ಅಂದು ಡ್ರೈವರೇ ಎಂದರು.

"ಇದೇ" ಎಂದೆ.

"ಕಣ್ಣು ಮಂಜಾಗಿರಬೇಕು ಮೇಸ್ತ್ರಿಗೆ" ಎಂದರು ಯಾರೋ. ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ನೆನಪು. ಜಾಲ್ಸೂರಿನ ಸಂಗತಿಯನ್ನು ಅವರು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಕೈಯಲ್ಲಿದ್ದ ಜೆಟ್ ಸರಿ ಇತ್ತಲ್ಲ, ಅವರು ಕಂಡದ್ದನ್ನು ಮಾತ್ರ ಹೇಳುವವರು.

ಸುಳ್ಯದ ಲಾರಿಗಳು ಮೊದಲು ಬರುವುದು ಬಿಟ್ಟವು, ಆಮೇಲೆ ಕಡಬದವು. ಮರುವರ್ಷ ಮೇಸ್ತ್ರಿ ಪುತ್ತೂರಿನ ಬಳಿಯ ಸವಣೂರಿನಲ್ಲಿ ನನಗೆ ಎದುರಾದರು. ಬಸ್ಸಿನಿಂದ ಇಳಿದು ನೇರ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದರು: "ಬಯ್ಯಲಿಕ್ಕಲ್ಲ, ನನಗೆ ಗೊತ್ತಾಗ್ಬೇಕು, ಅಷ್ಟೇ. ನಾನು ನೋಡಿದ್ದು ತಪ್ಪಾ?"

ಸುತ್ತ ಯಾರೂ ಇರಲಿಲ್ಲ. ಹೌದು, ನಾನೇ ಮಾಡಿದ್ದು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ತಪ್ಪಿರಬಹುದು ಮೇಸ್ತ್ರಿಗಳೇ" ಎಂದೆ.

ಅವರು ತಲೆಯಾಡಿಸಿ ಹೋದರು. ಅರವತ್ತರ ದಶಕದ ನಡುವೆ ತೀರಿಕೊಂಡರು. ಆ ಹೊತ್ತಿಗೆ ನನಗೆ ಸ್ವಂತ ಲಾರಿಯಾಗಿತ್ತು. ಅದರ ಎಂಜಿನಿಗೆ ಒಂದು ದಿನವೂ ಕೇಡು ಬರದಂತೆ ಓಡಿಸಲು ಕಲಿತದ್ದೆಲ್ಲ ಅವರಿಂದಲೇ. ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಹಿಂದಿನ ಜಗಲಿಯಲ್ಲಿ ಅವರ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾರೆ, ಮಣ್ಣು ತೂರುತ್ತಾರೆ ಎಂದುಕೊಂಡಿದ್ದೆ. ಅವರು ತೊಳೆಯುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟರು.

"ಮಂಗಳೂರಿಗೆ ಎರಡು ಸಲ ಹೋಗಿ ಕಣ್ಣು ತೋರಿಸಿ ಬಂದಿದ್ದರು" ಎಂದರು. "ಕಣ್ಣಿಗೆ ಎಂತದೂ ಆಗಿಲ್ಲ, ಚಂದ ಉಂಟು ಅಂತ ಡಾಕ್ಟರು ಹೇಳಿದ್ದಂತೆ. ಇವರು ನಂಬಲೇ ಇಲ್ಲ."