ಊಟದ ಮೇಲಿನ ಸುಂಕ

ಇಳಾ ಹುಟ್ಟಿದ್ದು ಅಮೆರಿಕದ ಅರೋರಾದಲ್ಲಿ, ಓದುತ್ತಿರುವುದು ಆನ್ ಆರ್ಬರ್‌ನಲ್ಲಿ. ಐನೂರು ವರ್ಷಗಳ ಹಿಂದೆ ಯುರೋಪಿನ ಪಟ್ಟಣಗಳು ತಮ್ಮ ಜನರಿಂದಲೇ ಹೇಗೆ ಸಾಲ ಎತ್ತುತ್ತಿದ್ದವು ಎಂಬುದರ ಮೇಲೆ ಡಾಕ್ಟರೇಟ್ ಮಾಡುತ್ತಿದ್ದಾಳೆ. ಡಾಕ್ಟರ್ ಆಗುವುದು ಬಿಟ್ಟು ಇದೇಕೆ ಎಂದು ನಮ್ಮ ಕನ್ನಡ ಕೂಟದಲ್ಲಿ ಕೇಳದವರಿಲ್ಲ. ಹುಡುಗಿ ನಕ್ಕುಬಿಡುತ್ತಾಳೆ. ನನಗಾದರೆ ರೇಗುತ್ತದೆ.

ಅವಳ ತಂದೆ ವೆಂಕಟರಾಮು ಕೂಟದ ಅಧ್ಯಕ್ಷರು. ಎರಡು ವರ್ಷದ ಹಿಂದೆ ಸ್ವಂತ ಸಭಾಂಗಣ ಕೊಳ್ಳುವ ಮಾತು ಬಂದಾಗ ಬ್ಯಾಂಕಿನ ಬಡ್ಡಿ ಕೇಳಿ ಎಲ್ಲರೂ ಗಾಬರಿಯಾದರು. ಸದಸ್ಯರಿಂದಲೇ ಸಾಲ ಪಡೆಯೋಣ ಎಂದರು ಅವರು. ಕೊಟ್ಟ ದುಡ್ಡು ವಾಪಸು ಬರುತ್ತದೆಂದು ನಂಬುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಉತ್ತರ ಹೇಳಲು ಮಗಳನ್ನೇ ಕರೆಸಿ ಭಾಷಣ ಮಾಡಿಸಿದರು, ಅದೂ ಕನ್ನಡದಲ್ಲಿ.

ಇಳಾ ಚೆನ್ನಾಗಿಯೇ ಶುರು ಮಾಡಿದಳು. ಸಾಲ ಕೊಟ್ಟವರೇ ನಗರಸಭೆಯಲ್ಲಿ ಕೂತಿದ್ದರೆ ಪಟ್ಟಣ ಮಾತಿಗೆ ತಪ್ಪುವುದು ಕಡಿಮೆ ಎಂದು ವಿವರಿಸಿದಳು. "ಸೋ, ಸಾಲ ಕೊಟ್ಟವರೇ ಊರು ಅಳುವವರು," ಎಂದಳು. ಆಳುವವರು ಎನ್ನಬೇಕಿತ್ತು, ಒಂದು ದೀರ್ಘ ಜಾರಿತು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಕ್ಕಳ ಕನ್ನಡಕ್ಕೆ ನಗುವುದರಲ್ಲಿ ನಮ್ಮವರದು ಎತ್ತಿದ ಕೈ. ಆಮೇಲೆ ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾರೆ ಎಂದು ಗೋಳಾಡುತ್ತಾರೆ.

ಇಳಾಳ ಕಿವಿ ಕೆಂಪಾಯಿತು. ಮುಂದಿನ ಸ್ಲೈಡಿನಲ್ಲಿ ಉಪ್ಪಿನ ಮೂಟೆ, ಹಿಟ್ಟಿನ ಚೀಲಗಳ ಚಿತ್ರವಿತ್ತು. ಬಡ್ಡಿಯ ದುಡ್ಡು ಎಲ್ಲಿಂದ ಬರುತ್ತಿತ್ತು ಎಂಬುದು ಅಲ್ಲಿನ ವಿಷಯ: ಸಭೆಯಲ್ಲಿ ಜಾಗವಿಲ್ಲದ ಬಡವರು ಕೊಳ್ಳುವ ಉಪ್ಪು, ಹಿಟ್ಟಿನ ಮೇಲೆ ಹೇರಿದ ತೆರಿಗೆಯಿಂದ. ಆ ಬಗೆಯ ತೆರಿಗೆಗೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಇನ್ನೊಮ್ಮೆ ನಗೆಪಾಟಲಾಗುವ ಧೈರ್ಯವಿಲ್ಲದೆ ಆ ಸ್ಲೈಡನ್ನು ದಾಟಿಸಿ, "ಥ್ಯಾಂಕ್ಸ್" ಎಂದು ಕೂತುಬಿಟ್ಟಳು.

ಹೀಗೆ ಕೂಟ ಅರ್ಧ ಪಾಠವನ್ನಷ್ಟೇ ಕಲಿತಿತು. ಸಾಲ ಎತ್ತಿ ಸಭಾಂಗಣ ಕೊಂಡರು; ಸಾಲ ಕೊಟ್ಟವರಿಗೆ ಸಮಿತಿಯಲ್ಲಿ ಜಾಗ, ವೋಟು. ವೀಸಾದ ಮೇಲಿರುವವರು ಕೊಡಲಿಲ್ಲ. ಕೆಲಸ ಹೋದರೆ ಎರಡು ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕಾದವರು ಯಾವ ಧೈರ್ಯದ ಮೇಲೆ ಕೊಟ್ಟಾರು? ಬಡ್ಡಿ ಕಟ್ಟುವ ಹೊತ್ತು ಬಂದಾಗ ಸಮಿತಿ ಹಬ್ಬದ ಊಟದ ಟಿಕೆಟ್ ದರ ಏರಿಸಿತು.

ಈ ಯುಗಾದಿಗೆ ಟಿಕೆಟ್ ಮೇಜಿನ ಬಳಿ ನಾನು, ಇಳಾ ಕೂತಿದ್ದೆವು. ಗಂಗಮ್ಮ ಬಂದರು. ಬಾಗಲಕೋಟೆ ಕಡೆಯವರು, ಗಂಡನ ವೀಸಾದ ಮೇಲೆ ಬಂದವರು, ಮೂವರು ಮಕ್ಕಳ ತಾಯಿ. ದರದ ಬೋರ್ಡು ಓದಿದರು.

"ಉಣ್ಣೂದಕ್ಕೂ ಸುಂಕ ಹಾಕೀರೇನ್ರಿ? ಇರ್ಲಿ ಬಿಡ್ರಿ, ದಾರಿಗಂತ ಬುತ್ತಿ ಕಟ್ಕೊಂಡ ಬಂದೇವಿ."

ಅವರು ಅತ್ತ ಹೋದ ಮೇಲೆ ಇಳಾ ನನ್ನ ಕಡೆ ತಿರುಗಿದಳು. "ಆಂಟಿ, ಸುಂಕ ಅಂದ್ರೆ?"

ಹೇಳಿದೆ. ಅವಳ ಮುಖ ಸಪ್ಪಗಾಯಿತು.

"ಅವತ್ತು ನನಗೆ ಬೇಕಿದ್ದ ವರ್ಡ್ ಇದೇ. ನಗ್ತಾರೆ ಅಂತ ಸ್ಕಿಪ್ ಮಾಡ್ಬಿಟ್ಟೆ, ಆಂಟಿ."

ನಾಚಿಕೆಯಿಂದ ಅವಳು ಆಮೇಲೆ ಒಂದು ಟಿಕೆಟ್ಟನ್ನೂ ಹರಿಯಲಿಲ್ಲ. ಆ ಕೆಲಸ ನನ್ನ ತಲೆಗೆ ಬಂತು.

ಮುಂದಿನ ವರ್ಷವೂ ಅದೇ ದರ ಇಡಬೇಕೇ ಎಂದು ತೀರ್ಮಾನಿಸಲು ಊಟಕ್ಕೆ ಮೊದಲು ಸಮಿತಿ ಸೇರಿತು. ವೋಟಿಲ್ಲದ ನಾನು ಕಾಫಿ ಕೊಡಲು ಹೋಗಿದ್ದೆ. ಇಳಾ ನನ್ನ ಹಿಂದೆಯೇ ಬಂದು, ಅಂದು ಬಿಟ್ಟ ಮಾತನ್ನೆಲ್ಲ ತಡವರಿಸುತ್ತ ಹೇಳಿದಳು. "ಬಡ್ಡಿ ತಗೊಳ್ಳೋರು ಈ ರೂಮಲ್ಲಿದ್ದೀರಿ. ಸುಂಕ ಕಟ್ಟೋರು ಹೊರಗಿದ್ದಾರೆ. ಅವರು ಅಳುವವರು."

"ಆಳುವವರು ಅನ್ನಬೇಕಮ್ಮ," ಎಂದು ವೆಂಕಟರಾಮು ಮೆಲ್ಲಗೆ ತಿದ್ದಿದರು.

"ಇಲ್ಲಪ್ಪ. ಈ ಸಲ ಸರಿಯಾಗೇ ಹೇಳಿದೀನಿ."

ಯಾರೂ ನಗಲಿಲ್ಲ. ಆದರೆ ಕೈಗಳು ಒಂದೊಂದಾಗಿ ಎದ್ದವು. ಕೊನೆಗೆ ಅವಳ ಅಪ್ಪನದೂ ಎದ್ದಿತು. ದರ ಹಾಗೆಯೇ ಉಳಿಯಿತು.

ಹೊರಗೆ ಕೊರೆಯುವ ಚಳಿ. ಗಂಗಮ್ಮ ಪಾರ್ಕಿಂಗ್‌ನಲ್ಲಿ ವ್ಯಾನಿನೊಳಗೆ ಕೂತು ಮಕ್ಕಳಿಗೆ ಬುತ್ತಿ ಬಡಿಸುತ್ತಿದ್ದರು. ಇಳಾ ಬಾಗಿಲ ಬಳಿ ಹೋಗಿ ನಿಂತಳು. ತಪ್ಪಾಯಿತು ಎನ್ನಲು ಬಂದವಳ ಕಣ್ಣು ಬುತ್ತಿಯ ಮೇಲೆಯೇ ನೆಟ್ಟಿತು. ಗಂಗಮ್ಮನಿಗೆ ಇದೊಂದೂ ಗೊತ್ತಿಲ್ಲ. ಹುಡುಗಿ ಹಸಿದಿದ್ದಾಳೆ ಎಂದುಕೊಂಡು ರೊಟ್ಟಿ ಮುರಿದು, ಬದನೆ ಎಣಗಾಯಿ ಹಚ್ಚಿ ಅವಳ ಕೈಗಿಟ್ಟರು.

"ತಗೋ ತಂಗಿ. ಇದಕ್ಕ ಸುಂಕಿಲ್ಲ."